ನಡುವಿನ ಪೆಟ್ಟಿಗೆಯ ನಾಚಿಕೆ

ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ, ನಾನು ಒಂದು ಸ್ಪೀಕರ್ ಪೆಟ್ಟಿಗೆ. ಮನೆಯಲ್ಲೇ ಸಿನಿಮಾ ನೋಡುವವರಿಗೆಂದು ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಆರು ಜನರಲ್ಲಿ ನಡುವಿನವನು. ಎಡಕ್ಕೊಬ್ಬ, ಬಲಕ್ಕೊಬ್ಬ, ಕೇಳುವವರ ಬೆನ್ನ ಹಿಂದೆ ಇಬ್ಬರು, ನೆಲದ ಮೇಲೆ ಕೂತು ಗುಂಯ್‌ಗುಡುವ ಡೊಳ್ಳುಹೊಟ್ಟೆಯ ವೂಫರ್ ಒಬ್ಬ. ಟಿ.ವಿ.ಯ ಕೆಳಗೆ, ಎಲ್ಲರ ಮಧ್ಯೆ ನಾನು. ಸಿನಿಮಾದ ಮಾತೆಲ್ಲ ನನ್ನ ಬಾಯಿಂದಲೇ ಬರಬೇಕು. ಆ ಜಂಬ ನನಗೆ ಹುಟ್ಟಿನಿಂದಲೇ ಇತ್ತು.

ನಮ್ಮನ್ನು ತಂದವರು ಪಾಂಡವಪುರದ ನಾಗಸ್ವರ ವಿದ್ವಾನ್ ಚೆಲುವಯ್ಯನವರು. ಮದುವೆ ಮನೆ, ದೇವಸ್ಥಾನ ಎಂದು ಐವತ್ತು ವರ್ಷ ಊದಿ, ಹಲ್ಲು ಬಿದ್ದ ಮೇಲೆ ವಾದ್ಯವನ್ನು ಚೀಲಕ್ಕೆ ಹಾಕಿದವರು. ತಂದ ದಿನ ಆರು ಜನರಿಗೂ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಕಾಯಿನೀರೆಲ್ಲ ವೂಫರ್ ತಲೆ ಮೇಲೆ ಬಿತ್ತು. ಜೋಡಿಸಲು ಬಂದವನು, "ಯಜಮಾನ್ರೇ, ಸಿನಿಮಾಕ್ಕೆ ಆರೂ ಇರ್ಲಿ. ಸಂಗೀತ ಕೇಳೋವಾಗ ಈ ಸ್ಟೀರಿಯೋ ಬಟನ್ ಒತ್ತಿ. ಮುಂದಿನ ಎರಡೇ ಹಾಡ್ತವೆ, ಅದೇ ಚೆಂದ," ಎಂದ.

"ಆರು ತಂದು ಎರಡ್ರಲ್ಲಿ ಕೇಳಕ್ಕೆ ನಂಗೇನ್ ಹುಚ್ಚಾ? ಎಲ್ಲಾವೂ ಹಾಡ್ಲಿ ಬುಡಪ್ಪ!" ಎಂದರು ಚೆಲುವಯ್ಯ. ಅವರದೂ ತಪ್ಪಲ್ಲ. ಎಲೆ ಹಾಕಿ ಕೂರಿಸಿದ ಮೇಲೆ ಯಾರನ್ನಾದರೂ ಉಪವಾಸ ಏಳಿಸುವುದುಂಟೆ?

ಅವರಿಗೆ ಜೀವಕ್ಕಿಂತ ಹೆಚ್ಚಾಗಿದ್ದ ಒಂದು ಸಿ.ಡಿ. ಇತ್ತು. ಮೂವತ್ತು ವರ್ಷದ ಹಿಂದೆ ಅವರೂ ತಮ್ಮ ತಿಮ್ಮಯ್ಯನೂ ಜೊತೆಯಾಗಿ ನುಡಿಸಿದ ತೋಡಿ ರಾಗ. ಎಡಗಡೆಯ ಮೈಕಿಗೆ ಅಣ್ಣ, ಬಲಗಡೆಯ ಮೈಕಿಗೆ ತಮ್ಮ. ಅದಾದ ಎರಡೇ ವರ್ಷಕ್ಕೆ ತಿಮ್ಮಯ್ಯ ತೀರಿಕೊಂಡಿದ್ದರು. ಆ ತೋಡಿಯಲ್ಲಿ ಒಂದು ಕಡೆ ನಾಗಸ್ವರ ಮೇಲಿನ ಷಡ್ಜಕ್ಕೆ ಹತ್ತಿ, ಒಂದೇ ಉಸಿರಿನಲ್ಲಿ ಅಲ್ಲೇ ನಿಂತುಬಿಡುತ್ತದೆ. ಕೇಳುವವರು ಕಾಫಿ ಲೋಟ ಕೆಳಗಿಡುವುದನ್ನೂ ಮರೆಯುತ್ತಿದ್ದರು.

ಆದರೆ ಆರೂ ಜನ ಒಟ್ಟಿಗೆ ಹಾಡುವಾಗ ಎಡದ್ದೂ ಬಲದ್ದೂ ಬಂದು ನನ್ನ ಬಾಯಿಗೇ ತುರುಕಿಕೊಳ್ಳುತ್ತಿದ್ದವು. ಹಿಂದಿನವರಿಬ್ಬರು ಪ್ರತಿಧ್ವನಿ ಸೇರಿಸುತ್ತಿದ್ದರು, ವೂಫರ್ ಶ್ರುತಿಯ ಜೊತೆ ಗುಂಯ್ ಎನ್ನುತ್ತಿದ್ದ. ಎಲ್ಲ ಕಲಸಿದ ಬಿಸಿಬೇಳೆಬಾತು. ಅಣ್ಣ ಯಾರು, ತಮ್ಮ ಯಾರು, ಯಾರಿಗೂ ತಿಳಿಯುತ್ತಿರಲಿಲ್ಲ.

ಒಂದು ದಿನ ಬಂದ ನೆಂಟರೊಬ್ಬರು, "ಆ ಉಸುರು ನಿಮ್ದೇ ಅಲ್ವಾ ಅಣ್ಣಾವ್ರೇ?" ಎಂದರು. ಚೆಲುವಯ್ಯ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಶಲ್ಯ ಸರಿಮಾಡಿಕೊಂಡರು. ಮುಂದಿನವರು ಕೇಳಿದಾಗ "ಹೂಂ" ಎಂದರು. ಆಮೇಲೆ ಕೇಳುವ ಮೊದಲೇ, "ಈಗ ಬತ್ತದೆ ನೋಡಿ ನಂದು. ತಿಮ್ಮ ಪಕ್ಕದಲ್ಲಿ ಶ್ರುತಿ ಹಿಡ್ಕೊಂಡಿದ್ದ ಅಷ್ಟೇಯ," ಎನ್ನತೊಡಗಿದರು. ಯಾವ ತಂತಿಯಲ್ಲಿ ಏನು ಬಂತೆಂದು ಪೆಟ್ಟಿಗೆಗೆ ಗೊತ್ತಿರುವುದಿಲ್ಲವೇ? ಅದು ತಮ್ಮನದು. ಗೊತ್ತಿದ್ದೂ ಅದನ್ನು ನಡುಮಧ್ಯಕ್ಕೆ ಎಳೆದು ತಂದು, ಯಾರದೂ ಅಲ್ಲದ ಹಾಗೆ ಮಾಡುತ್ತಿದ್ದವನು ನಾನು. ಕಳ್ಳನಿಗೆ ಏಣಿ ಹಿಡಿದವನು ಕಳ್ಳನಲ್ಲವೇ?

ತಿಮ್ಮಯ್ಯನ ಮಗಳು ವಕುಳಾ. ಅಪ್ಪ ಸತ್ತಾಗ ಅವಳಿಗೆ ನಾಲ್ಕು ವರ್ಷ. ದೊಡ್ಡವಳಾಗಿ, ಹೆಣ್ಣುಮಕ್ಕಳಿಗೇಕೆ ಎಂದವರ ಮುಂದೆಯೇ ಮೈಸೂರಿನಲ್ಲಿ ನಾಗಸ್ವರ ಕಲಿತಳು. ಒಮ್ಮೆ ಬಂದವಳು, "ದೊಡ್ಡಪ್ಪ, ನಮ್ಮಪ್ಪ ಹೆಂಗೆ ನುಡಿಸ್ತಿದ್ರು?" ಎಂದು ಕೇಳಿದಳು.

"ಏನೋ, ಪರ್ವಾಗಿಲ್ಲ," ಎಂದರು ಚೆಲುವಯ್ಯ.

ಆ ಹುಡುಗಿ ತಲೆ ತಗ್ಗಿಸಿದಳು. "ಅಪ್ಪಂದು ಅಂತ ಉಳ್ದಿರೋದು ಇದೊಂದೇ ಸಿ.ಡಿ. ಇದ್ರಲ್ಲೂ ಅವರು ಎಲ್ಲವ್ರೆ ಅಂತ್ಲೇ ಗೊತ್ತಾಗಲ್ಲ," ಎಂದಳು. ಅಯ್ಯೋ, ನನ್ನ ಜಾಲರಿಯ ಹಿಂದೆ ಮುಖ ಎಲ್ಲಿಟ್ಟುಕೊಳ್ಳಲಿ ಎನಿಸಿತು ನನಗೆ.

ಮುಂದಿನ ತಿಂಗಳು ಒಂದು ಭಾನುವಾರ ಮಧ್ಯಾಹ್ನ, ಎಡ ಬಲ ಬೇರೆಯಾಗಿ ಕೇಳುವ ಬಗೆ ತಿಳಿದುಕೊಂಡು ಮತ್ತೆ ಬಂದಳು. ಸೀರೆಯ ಸೆರಗು ಸಿಕ್ಕಿಸಿ, ಗೋಡೆಗೆ ಒತ್ತಿ ಕೂತಿದ್ದ ಎಡ ಬಲದವರನ್ನು ಮುಂದಕ್ಕೆ ಎಳೆದು, ಸ್ಟೂಲುಗಳ ಮೇಲೆ ಕಿವಿಯ ಮಟ್ಟಕ್ಕೆ ಏರಿಸಿದಳು. ಇಬ್ಬರ ನಡುವೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ದೊಡ್ಡಪ್ಪನ ಕುರ್ಚಿ ಹಾಕಿ, ಪೆಟ್ಟಿಗೆಗಳ ಮುಖವನ್ನು ಸ್ವಲ್ಪ ಆ ಕಡೆ ತಿರುಗಿಸಿದಳು. ವೂಫರ್‌ನ ಸದ್ದನ್ನು ಪೂರ್ತಿ ಇಳಿಸಿದಳು.

"ಯಾಕವ್ವ ಸುಮ್ಕೆ? ಇರೋದು ಚಂದಾಗೇ ಅದೆ, ಬುಡು," ಎಂದರು ಚೆಲುವಯ್ಯ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

"ಒಂದೇ ಒಂದ್ಸಲ ದೊಡ್ಡಪ್ಪ," ಎಂದು ಅವಳು ಸ್ಟೀರಿಯೋ ಬಟನ್ ಒತ್ತಿದಳು.

ನನ್ನ ಬಾಯಿ ಕಟ್ಟಿತು. ಹುಟ್ಟಿದ ಮೇಲೆ ಮೊದಲ ಸಲ ನಾನು ಕೇಳುಗನಾದೆ. ಎಡದಲ್ಲಿ ಅಣ್ಣ ಬಂದರು, ಬಲದಲ್ಲಿ ತಮ್ಮ ಬಂದರು. ಡೋಲಿನವನು ಯಾವ ಪೆಟ್ಟಿಗೆಯೂ ಇಲ್ಲದ ಕಡೆ, ಅವರಿಬ್ಬರ ನಡುವೆ ಬಂದು ಕೂತ. ಆ ಜಾಗದಲ್ಲಿ ನನ್ನ ಅಗತ್ಯವೇ ಇರಲಿಲ್ಲ. ಇಷ್ಟು ವರ್ಷ ನಾನು ಅಡ್ಡ ಕೂತಿದ್ದೆ, ಅಷ್ಟೆ.

ಷಡ್ಜ ಬಂತು. ಬಲಗಡೆಯಿಂದ. ಉಸಿರು ನಿಂತೇ ಇತ್ತು, ನಿಂತೇ ಇತ್ತು. ಅಷ್ಟರಲ್ಲಿ ಎಡಗಡೆಯಿಂದ ಒಬ್ಬ ನಡುವಯಸ್ಸಿನವನ ದನಿ, ತಡೆಯಲಾರದೆ, ಮೆಲ್ಲಗೆ ಬಂತು: "ಭಲೇ ತಿಮ್ಮ!"

ವಾದ್ಯ ಬಾಯಲ್ಲಿದ್ದವನು ಭಲೇ ಎನ್ನಲಾರ. ವಕುಳಾ ಸಿ.ಡಿ. ನಿಲ್ಲಿಸಿ ದೊಡ್ಡಪ್ಪನ ಕಡೆ ತಿರುಗಿದಳು.

ಚೆಲುವಯ್ಯ ಶಲ್ಯದಲ್ಲಿ ಮುಖ ಮುಚ್ಚಿಕೊಂಡರು. "ಅದು ನನ್ ದನಿನೇ ಕಣವ್ವ. ಅಂದಿದ್ದೇ ಮರ್ತೋಗಿತ್ತು," ಎಂದರು. ಶಲ್ಯ ಇಳಿಸಿ, "ನಾಚ್ಕೆ ಆಯ್ತದೆ. ಬದ್ಕಿದ್ದಾಗ ಬಾಯ್ತುಂಬ ಭಲೇ ಅಂದಿದ್ದೆ. ಸತ್ಮೇಲೆ ಅವನದ್ನ ಕಿತ್ಕೊಂಡೆ. ನಿನ್ನಿಂದ್ಲೂ ಕಿತ್ಕೊಂಡೆ ಮಗ," ಎಂದರು. ಆ ಬಿಳಿತಲೆ ಅವಳ ಮುಂದೆ ಬಾಗಿತು. ವಕುಳಾ ಕಣ್ಣೊರೆಸಿಕೊಂಡು ಅದನ್ನೇ ಮತ್ತೊಮ್ಮೆ ಹಾಕಿದಳು.

ಇದಾಗಿ ನಾಲ್ಕು ವರ್ಷ. ಈಗ ಈ ಮನೆಯಲ್ಲಿ ಯಾರೂ ಸಿನಿಮಾ ಹಾಕುವುದಿಲ್ಲ. ತಂತಿ ಕಿತ್ತ ನಾನು ಬೀರುವಿನ ಮೇಲೆ, ಹಳೆಯ ಪಂಚಾಂಗಗಳ ಪಕ್ಕದಲ್ಲಿದ್ದೇನೆ. ನೆಂಟರು ಬಂದರೆ ಚೆಲುವಯ್ಯ ಅವರನ್ನು ಆ ಕುರ್ಚಿಯಲ್ಲೇ ಕೂರಿಸಿ, ಬಲಗಡೆ ಕೈ ತೋರಿಸಿ, "ಇವನು ನನ್ ತಮ್ಮ. ನಂದು ಅಂತ ಸುಳ್ಳು ಹೇಳಿದ್ದೆ, ಕ್ಷಮಿಸ್ಬುಡಿ," ಎನ್ನುತ್ತಾರೆ. ಪ್ರತಿ ಸಲವೂ ಅವರ ಕಿವಿ ಕೆಂಪಾಗುತ್ತದೆ. ನನಗೆ ಕ್ಷಮೆ ಕೇಳಲು ಬಾಯೂ ಇಲ್ಲ.

ಮೊನ್ನೆ ವಕುಳಾ ವಾದ್ಯ ತಂದು ಆ ಷಡ್ಜವನ್ನು ನುಡಿಸಿದಳು. ಅರ್ಧಕ್ಕೇ ಉಸಿರು ಬಿಟ್ಟಿತು. ಚೆಲುವಯ್ಯ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ನಿಮ್ಮಪ್ಪಂದು ಇನ್ನೂ ಉದ್ದ ಇತ್ತು ಕಣವ್ವ. ಇನ್ನೊಂದ್ಸಲ ಊದು," ಎಂದರು.