ಕೊನೆಯ ಎರಡು ಜೋಡಿ

ಬೂಟು ಹೊಲಿಯುವ ಆ ಅಂಗಡಿಯ ಗೋಡೆಗೆ ಒಂದು ಉದ್ದನೆಯ ಹಲಗೆ. ಅದರ ಮೇಲೆ, ತೊಗಲು ಬಿಗಿದು ಬೂಟಿಗೆ ಆಕಾರ ಕೊಡುವ ಮರದ ಪಾದದಚ್ಚುಗಳು, ಜೋಡಿ ಜೋಡಿಯಾಗಿ. ಯಾವ ಜೋಡಿಯನ್ನು ಬಳಸಿದರೂ ಆಮೇಲೆ ಬಾಗಿಲ ಕಡೆಯ ತುದಿಗೇ ಇಡಬೇಕು, ಉಳಿದವು ಹಿಂದೆ ಸರಿಯಬೇಕು. ಪದೇ ಪದೇ ಬೇಕಾದದ್ದು ತಾನಾಗಿ ಕೈಗೆ ಹತ್ತಿರವಾಗುತ್ತದೆ ಎಂಬುದು ಯಜಮಾನರ ಲೆಕ್ಕಾಚಾರ. ಅವರು ತೀರಿಕೊಂಡ ಮೇಲೂ ಹೆಂಡತಿ ಅದನ್ನೇ ನಡೆಸಿಕೊಂಡು ಬಂದಳು. ಅಳು ಮಾತ್ರ ಬರಲಿಲ್ಲ. ಜನ ಕಲ್ಲುಮನಸ್ಸು ಎಂದರು. ಅದಕ್ಕೆ ಕೋಪವೂ ಬರಲಿಲ್ಲ.

ಮಗಳು ವಿಶ್ವವಿದ್ಯಾಲಯದಲ್ಲಿ ಇಂಥ ಸಾಲುಗಳ ಗಣಿತವನ್ನೇ ಮಾಡುತ್ತಿದ್ದವಳು. ರಜೆಗೆ ಬಂದಾಗ ತಾಯಿ ಕೇಳಿದಳು:

"ನಿಮ್ಮಪ್ಪ ಜೋಡಿಸಿದ್ದ ಸಾಲು ಎಷ್ಟು ಉಳಿದಿದೆಯೇ?"

"ಮುಂದಿನದೆಲ್ಲ ಕಲಸಿಹೋಗಿದೆಯಮ್ಮ. ಇದಕ್ಕೆ ಮಾರ್ಕೋವ್ ಸರಪಳಿ ಅಂತೀವಿ. ನಾಳೆಗೆ ಇವತ್ತಿನ ಸಾಲು ಸಾಕು, ಹಿಂದಿನ ಕತೆ ಬೇಡ. ಹಳೇದನ್ನ ಎಷ್ಟು ಬೇಗ ಮರೆಯುತ್ತೆ ಅನ್ನೋದಕ್ಕೆ ಸ್ಪೆಕ್ಟ್ರಲ್ ಗ್ಯಾಪ್ ಅಂತ ಒಂದು ಅಳತೆ."

"ತಲೆಬುಡ ತಿಳೀಲಿಲ್ಲ. ಪೂರ್ತಿ ಹೋಗೋದು ಯಾವಾಗ?"

"ಯಾರೂ ಮುಟ್ಟದ ಆ ಕೊನೇ ಎರಡು ಜೋಡಿ ಇವೆಯಲ್ಲ, ಅಪ್ಪ ಇಟ್ಟ ಹಾಗೇ ಉಳಿದಿರೋದು ಅವೆರಡೇ. ಒಂದನ್ನ ಎತ್ತಿದ್ರೆ ಮುಗೀತು."

ಆ ಎರಡರಲ್ಲಿ ಒಂದು ತಾಯಿಯ ಪಾದದ್ದು, ಇನ್ನೊಂದು ಯಜಮಾನರದು. "ನಾವಿಬ್ಬರೂ ಮೂಲೆಗುಂಪು ಕಣೇ," ಎಂದು ಅವರೇ ಅಲ್ಲಿಟ್ಟು ನಕ್ಕಿದ್ದರು.

ಅದೇ ವಾರ ಹೋಟೆಲಿನ ಅಡುಗೆಯವನೊಬ್ಬ ಬಂದ. ಅಗಲ ಪಾದ, ಬೆರಳ ತುಂಬ ಗುಳ್ಳೆ.

"ಎಲ್ಲೂ ನನ್ನ ಕಾಲಿಗೆ ಸಿಗಲ್ಲ ಅಕ್ಕಾ. ದಿನಾ ನಿಂತು ನಿಂತು ಸಾಕಾಗಿದೆ."

ತಾಯಿ ಅಳತೆ ತೆಗೆದಳು. ಯಜಮಾನರದೇ ಅಳತೆ.

"ಇಷ್ಟು ಅಗಲದ ಅಚ್ಚಿಲ್ಲ," ಎಂದು ಸುಳ್ಳು ಹೇಳಿದಳು.

ಅವನು ಹಲ್ಲು ಕಚ್ಚಿಕೊಂಡು ಹಳೆಯ ಬೂಟಿಗೆ ಕಾಲು ತುರುಕಿ, ಕುಂಟುತ್ತ ಮೆಟ್ಟಿಲಿಳಿದ.

"ನಿಲ್ಲಪ್ಪ," ಎಂದಳು. "ಒಂದಿದೆ."

ಅಚ್ಚನ್ನು ಇಳಿಸಿ ಧೂಳು ಒರೆಸಿದಳು. ಅವರ ಹೆಬ್ಬೆರಳ ಗಂಟಿಗೆಂದು ಅಂಟಿಸಿದ್ದ ತೊಗಲಿನ ತುಂಡು ಈ ಕಾಲಿಗೆ ಬೇಕಿರಲಿಲ್ಲ. ಚಾಕು ತೂರಿಸಿ ಕಿತ್ತಳು. ಏನೂ ಅನಿಸಲಿಲ್ಲ.

ಬೂಟು ಸಿದ್ಧವಾಗಿ ಅಡುಗೆಯವನು ನೆಟ್ಟಗೆ ನಡೆದು ಹೋದ.

"ಅಮ್ಮ, ಹಿಂದಕ್ಕೇ ಇಟ್ಟುಬಿಡು. ಯಾರು ನೋಡ್ತಾರೆ?" ಎಂದಳು ಮಗಳು.

"ಬಳಸಿದ್ದು ಮುಂದಕ್ಕೆ," ಎಂದು ಅವಳು ಬಾಗಿಲ ಪಕ್ಕ ಇಟ್ಟಳು. ಹಿಂದಿನ ತುದಿಯಲ್ಲಿ ಅವಳ ಜೋಡಿ ಒಂಟಿಯಾಗಿ ಉಳಿಯಿತು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಕಣ್ಣೆದುರಿಗೇ ಅವರ ಪಾದಗಳು.

"ಆಗಲೇ ಬಂದ್ರಾ?" ಎಂದು ಬಾಯಿತಪ್ಪಿ ಕೇಳಿಬಿಟ್ಟಳು.

ಉತ್ತರಕ್ಕೆ ಕಾದಳು ಕೂಡ. ಆಮೇಲೆ ಬೀಗದಕೈ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು.