ಸೈಕಲ್ ಕಂಪ್ಯೂಟರ್ ಯಾರ ಹ್ಯಾಂಡಲಿಗೆ?

ಗಂಡನ ಸೈಕಲ್ ಕಂಪ್ಯೂಟರ್ ಕೆಟ್ಟು ಕೂತ ದಿನ ಟೈಲರಮ್ಮನಿಗೆ ಒಳಗೊಳಗೇ ಖುಷಿಯಾಗಿತ್ತು. ಅದೇನು ಭಾರಿ ಯಂತ್ರವಲ್ಲ. ಬೆಂಕಿಪೊಟ್ಟಣದಷ್ಟು ಗಾತ್ರ, ಹ್ಯಾಂಡಲ್ ಮೇಲೆ ಕೂತು ವೇಗ ಎಷ್ಟು, ದೂರ ಎಷ್ಟು, ಸರಾಸರಿ ಎಷ್ಟು ಎಂದು ತೋರಿಸುತ್ತಿತ್ತು, ಅಷ್ಟೇ. ಆದರೆ ಅಷ್ಟು ಚಿಕ್ಕ ವಸ್ತು ಅವಳ ಭಾನುವಾರಗಳನ್ನೆಲ್ಲ ನುಂಗಿ ನೀರು ಕುಡಿದಿತ್ತು.

ಭಾನುವಾರದ ಬೆಳಗ್ಗೆ ಬಿಟ್ಟರೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುವುದೇ ಅಪರೂಪ. ಅವನು ಸಿಟಿ ಬಸ್ಸಿನ ಡ್ರೈವರ್. ಅವಳು ಏಳುವ ಮೊದಲೇ ಡಿಪೋ ಸೇರಿರುತ್ತಿದ್ದ. ಅವಳು ಆಸ್ಪತ್ರೆಯವರ ಸಮವಸ್ತ್ರ ಹೊಲಿದು ಮುಗಿಸಿ ಅಂಗಡಿಯ ಬಾಗಿಲೆಳೆದು ಬರುವಷ್ಟರಲ್ಲಿ ಅವನ ಗೊರಕೆ ಶುರುವಾಗಿರುತ್ತಿತ್ತು. ಸೈಕಲ್ಲಿನ ಉಪಾಯ ಹುಡುಕಿದವಳು ಅವಳೇ. ವಾರಕ್ಕೊಮ್ಮೆ ಊರಾಚೆಯ ಕೆರೆಯ ತನಕ ಮಾತಾಡಿಕೊಂಡು ಹೋಗಿ ಬರೋಣ ಅಂದಿದ್ದಳು. ಮೊದಮೊದಲು ಮಾತೂ ಆಯಿತು, ನಗುವೂ ಆಯಿತು. ಆಮೇಲೆ ಡಿಪೋದ ಗೆಳೆಯನೊಬ್ಬ ಆ ಯಂತ್ರ ತಗುಲಿಸಿಕೊಟ್ಟ. ಅಲ್ಲಿಗೆ ಮಾತಿನ ಕಥೆ ಮುಗಿಯಿತು.

ನಿಧಾನವಾದರೆ ಸರಾಸರಿ ಇಳಿಯುತ್ತದೆ. ಸರಾಸರಿ ಇಳಿದರೆ ಅವನ ಮುಖವೂ ಇಳಿಯುತ್ತದೆ. ವರ್ಷಾನುಗಟ್ಟಲೆ ಗಡಿಯಾರಕ್ಕೆ ಹೆದರಿ ಬಸ್ಸು ಓಡಿಸಿದವನು. ಓಡಿ ಬರುವವರಿಗೆಲ್ಲ ಕಾಯುತ್ತ ನಿಂತರೆ ಮುಂದಿನ ನಿಲ್ದಾಣದವರು ಹಿಡಿಶಾಪ ಹಾಕುತ್ತಾರೆ ಎನ್ನುವುದು ಅವನ ರಕ್ತದಲ್ಲೇ ಬೆರೆತಿತ್ತು. ಸೈಕಲ್ ಹತ್ತಿದರೂ ಅದೇ ಬುದ್ಧಿ. ಕೆಟ್ಟವನಲ್ಲ ಪಾಪ. ಮೊದಲು ಮನೆ ಮುಟ್ಟಿ, ಅವಳಿಗಾಗಿ ನೀರು ಕಾಯಿಸಿಟ್ಟು, ಬಾಗಿಲಲ್ಲಿ ನಗುತ್ತ ನಿಂತಿರುತ್ತಿದ್ದ.

ಹೋದ ತಿಂಗಳು ಕೆರೆಯಿಂದ ಹಿಂದಿರುಗುವಾಗ ಇಟ್ಟಿಗೆ ಗೂಡಿನ ತಿರುವಿನಲ್ಲಿ ಅವಳ ಚಕ್ರ ಜಲ್ಲಿಯ ಮೇಲೆ ಜಾರಿತು. ಬಿದ್ದವಳು "ರೀ!" ಎಂದು ಕೂಗಿದಳು. ಅವನ ಬೆನ್ನು ಚಿಕ್ಕದಾಗುತ್ತ ಹೋಗಿ ಮರೆಯಾಯಿತು. ಮಂಡಿ ತರಚಿ ರಕ್ತ ಬರುತ್ತಿತ್ತು. ಸ್ವಲ್ಪ ಹೊತ್ತು ಕೂತಳು, ಬರುತ್ತಾನೆ ಎಂದುಕೊಂಡು. ಬರಲಿಲ್ಲ. ಕುಂಟುತ್ತ ಸೈಕಲ್ ತಳ್ಳಿಕೊಂಡು ಮನೆಗೆ ಬಂದರೆ ಅವನು ಬಾಗಿಲಲ್ಲೇ, "ಇವತ್ತು ದಾಖಲೆ ಕಣೇ! ನೋಡಿಲ್ಲಿ" ಎಂದು ಯಂತ್ರವನ್ನು ಮುಖಕ್ಕೆ ಹಿಡಿದ. ಅವಳು ನೋಡಿದಳು, ಚೆನ್ನಾಗಿದೆ ಅಂದಳು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಗಾಯ ತೊಳೆದಳು.

ಹೇಳಬಹುದಿತ್ತು. ಹೇಳಿದ್ದರೆ ಕಿವಿ ಹಿಡಿದುಕೊಂಡು ತಪ್ಪಾಯ್ತು ಅನ್ನುತ್ತಿದ್ದ ಎನ್ನುವುದೂ ಅವಳಿಗೆ ಗೊತ್ತಿತ್ತು. ಆದರೆ ಯಾಕೆ ತಡವಾಯ್ತು ಎಂದು ಅವನಾಗಿ ಒಂದು ಮಾತು ಕೇಳದಿದ್ದ ಮೇಲೆ ತಾನಾಗಿ ಹೇಳುವುದೇನು ಎಂಬ ಬಿಗುಮಾನ ಬಾಯಿ ಕಟ್ಟಿಹಾಕಿತು. ಆಮೇಲಿನ ಭಾನುವಾರಗಳಿಗೆ ಅವಸರದ ಹೊಲಿಗೆಯ ನೆವ ಸಿಕ್ಕಿತು. ಅಷ್ಟರಲ್ಲಿ ಯಂತ್ರ ಕೆಟ್ಟಿತು. ಪೀಡೆ ತೊಲಗಿತು ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಅವನು, "ಹೊಸದು ತರೋಣ, ನೀನೂ ಬಾ. ಆರಿಸೋದ್ರಲ್ಲಿ ನಿನ್ನ ಕಣ್ಣು ಚುರುಕು" ಎಂದ. ಹೊಸದು ಬಂದರೆ ತಾನು ಅವನ ಜೊತೆ ಸೈಕಲ್ ತುಳಿಯುವುದು ನಿಂತ ಹಾಗೇ ಎಂದು ಅವಳು ಅಂದೇ ತೀರ್ಮಾನಿಸಿಬಿಟ್ಟಳು. ತೀರ್ಮಾನಿಸಿದ ಮೇಲೆ ಅಳು ಬಂತು.

ಸೈಕಲ್ ಅಂಗಡಿಯಾಕೆ ಒಳ್ಳೆ ಮಾತುಗಾರ್ತಿ, ಆದರೆ ಕಂಡದ್ದನ್ನೆಲ್ಲ ತಲೆಗೆ ಕಟ್ಟುವ ಪೈಕಿಯಲ್ಲ. ಗಾಜಿನ ಪೆಟ್ಟಿಗೆಯ ಮೇಲೆ ಸಣ್ಣದು ದೊಡ್ಡದು ಎಲ್ಲ ಹರವಿದಳು.

"ಮೊದ್ಲು ಹೇಳಿ ಅಣ್ಣ, ಗೊತ್ತಿಲ್ದೇ ಇರೋ ದಾರೀಲಿ ಹೋಗ್ತೀರಾ?"

"ಇಲ್ಲಮ್ಮ, ಅದೇ ಕೆರೆ, ಅದೇ ರಸ್ತೆ."

"ಹಾಗಾದ್ರೆ ನಕ್ಷೆ ಇರೋದು ದಂಡ. ಬೆಟ್ಟಗಿಟ್ಟ ಹತ್ತೋದುಂಟಾ?"

"ನಮ್ಮೂರಲ್ಲಿ ಬೆಟ್ಟ ಎಲ್ಲಿಂದ ತರೋದು?"

"ಎತ್ತರ ತೋರ್ಸೋದೂ ಬೇಡ. ಎದೆ ಬಡಿತ ನೋಡ್ಕೋಬೇಕು ಅಂತ ಡಾಕ್ಟ್ರು ಹೇಳಿದಾರಾ? ಇಲ್ವಲ್ಲ. ಮತ್ತೆ ಇದು ಸಾಕು. ದೊಡ್ಡ ಅಂಕಿ, ಬಿಸಿಲಲ್ಲೂ ಕಾಣುತ್ತೆ, ಚಾರ್ಜ್ ಮಾಡೋ ರಗಳೆ ಇಲ್ಲ." ಹಾಗೆಂದವಳು ಟೈಲರಮ್ಮನತ್ತ ತಿರುಗಿದಳು. "ಅಕ್ಕ, ನಿಮಗೇನು ಕಾಣ್ಬೇಕು?"

ಟೈಲರಮ್ಮ ತಡವರಿಸಿದಳು. "ಹಿಂದೆ ಇರೋರನ್ನ ತೋರ್ಸೋದು ಇದ್ಯಾ?"

"ಓ, ಇದೆಯಲ್ಲ! ಸೀಟಿನ ಕೆಳಗೆ ಒಂದು ರಾಡಾರ್ ಹಾಕಿದ್ರೆ ಹಿಂದಿನಿಂದ ಬರೋ ಗಾಡಿ ಇಲ್ಲಿ ಚುಕ್ಕಿ ಥರ ಕಾಣುತ್ತೆ. ಹತ್ರ ಬಂದ ಹಾಗೆ ಚುಕ್ಕಿ ಮೇಲೆ ಏರುತ್ತೆ."

"ಹತ್ರ ಬರೋರಲ್ಲ. ಹಿಂದೇನೇ ಉಳಿದುಬಿಟ್ಟೋರು?"

ಅಂಗಡಿಯಾಕೆಯ ಕೈ ನಿಂತಿತು. "ಇಲ್ಲ ಅಕ್ಕ. ದೂರ ಆಗೋರು ಇದಕ್ಕೆ ಗೊತ್ತಾಗಲ್ಲ."

ಗಂಡ ನಕ್ಕ. "ಅದ್ಯಾಕೆ ಕೇಳ್ತೀಯೇ? ನಿನಗೆ ಏನು ಬೇಕು ಅಂತ ಹೇಳು."

"ನನಗೇನೂ ಬೇಡ. ನಾನು ಇನ್ನು ಬರಲ್ಲ ರೀ. ನೀವು ಹೋಗಿಬನ್ನಿ."

ಮೆಲ್ಲಗೆ ಹೇಳಿದಳು, ಜಗಳದ ದನಿಯಲ್ಲಿ ಅಲ್ಲ. ಅದಕ್ಕೇ ಏನೋ, ಅವನ ನಗು ಅರ್ಧಕ್ಕೇ ನಿಂತುಹೋಯಿತು. ಆ ದೊಡ್ಡ ಅಂಕಿಯ ಯಂತ್ರವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ಅದು ಎಷ್ಟು ಇಷ್ಟವಾಗಿದೆ ಎಂದು ಅವಳಿಗೆ ಕಾಣುತ್ತಿತ್ತು. ಕೊನೆಗೆ ಕೆಮ್ಮಿ, "ಇದನ್ನ ಇವಳ ಸೈಕಲ್‌ಗೆ ಹಾಕಮ್ಮ" ಎಂದ. ಹೆಂಡತಿಯ ಮುಖ ನೋಡದೆ, "ನೀನು ಮುಂದೆ ಹೋಗು. ನಾನು ಹಿಂದೆ ಬರ್ತೀನಿ. ಬರಲ್ಲ ಅಂತ ಮಾತ್ರ ಅನ್ಬೇಡ" ಎಂದ.

ಬೇಡ ಅನ್ನಲು ಬಾಯಿ ಬರಲಿಲ್ಲ. ಆ ಭಾನುವಾರ ಅವಳು ಮುಂದೆ, ಅವನು ಹಿಂದೆ. ಹೊರಟಾಗ ಮೋಡ ಕವಿದ ತಣ್ಣನೆ ಬೆಳಗು. "ಎಷ್ಟಿದೆ?" ಎಂದು ಅವನು ಹಿಂದಿನಿಂದ ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಹದಿನಾಲ್ಕು. ಹದಿನೈದು. ಇಳಿಜಾರಿನಲ್ಲಿ ಅದು ಇಪ್ಪತ್ತಕ್ಕೆ ಹಾರಿದಾಗ ಅವಳಿಗೆ ಕಚಗುಳಿಯಿಟ್ಟ ಹಾಗಾಯಿತು. ಇಳಿಜಾರು ಮುಗಿದ ಮೇಲೂ ಅದನ್ನು ಇಳಿಯಗೊಡಬಾರದು ಎನಿಸಿತು. ಅಂಕಿ ಕೆಳಗಿಳಿದರೆ ಕಾಲು ತಾನಾಗಿ ಒತ್ತುತ್ತಿತ್ತು. ಹೊಲಿಗೆ ಯಂತ್ರದ ಮುಂದೆ ಕೂತರೆ ಸೂಜಿಯ ತುದಿ ಬಿಟ್ಟು ಬೇರೇನೂ ಕಾಣದವಳು ಅವಳು. ಅಂಗಡಿಯೊಳಗೆ ಯಾರು ಬಂದು ನಿಂತರೂ ಮೂರು ಸಲ ಕರೆಯಬೇಕು. ಅದೇ ಕಣ್ಣು ಈಗ ಆ ಅಂಕಿಗೆ ನೆಟ್ಟಿತು. ರಸ್ತೆ ಹೋಯಿತು, ಮರ ಹೋಯಿತು, ಗಂಡನೂ ಹೋದ.

ಕೆರೆಯ ಏರಿ ಕಂಡಾಗಲೇ ತಲೆಯೆತ್ತಿದ್ದು. "ಇವತ್ತು ನೋಡಿ ರೀ!" ಎಂದು ಹೆಮ್ಮೆಯಿಂದ ತಿರುಗಿದಳು. ರಸ್ತೆ ಖಾಲಿ.

ಎಷ್ಟು ಹೊತ್ತಿನಿಂದ ಖಾಲಿ? ಅವನು "ಎಷ್ಟಿದೆ" ಎಂದು ಕೇಳುವುದು ಯಾವಾಗ ನಿಂತಿತು? ನೆನಪೇ ಇಲ್ಲ. ಸೈಕಲ್ ತಿರುಗಿಸಿ ಬಂದ ದಾರಿಯಲ್ಲೇ ತುಳಿದಳು, ಯಂತ್ರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಇಳಿಜಾರಿನ ಬುಡದಲ್ಲಿ, ರಸ್ತೆಬದಿಯ ಮೈಲಿಗಲ್ಲಿನ ಮೇಲೆ ಅವನು ಕೂತಿದ್ದ. ಸೈಕಲ್ ತಲೆಕೆಳಗಾಗಿ ನಿಂತಿತ್ತು. ಬೆರಳೆಲ್ಲ ಕಪ್ಪು ಗ್ರೀಸು.

"ಚೈನು ಕಳಚಿ ಸಿಕ್ಕಾಕೊಂಡಿತ್ತು. ಈಗ ಸರಿಹೋಯ್ತು" ಎಂದ. ಆಮೇಲೆ, ತಡೆಯಲಾರದೆ, "ಕೂಗಿದೆ ಕಣೇ. ಗಂಟಲು ಹರಿಯೋ ಹಾಗೆ ಕೂಗಿದೆ. ನೀನು ತಿರುಗಿ ಕೂಡ ನೋಡ್ಲಿಲ್ಲ" ಎಂದ. ಕೋಪವಿರಲಿಲ್ಲ ಆ ದನಿಯಲ್ಲಿ. ಅಷ್ಟು ದೊಡ್ಡ ಗಂಡಸಿನ ಕೆಳತುಟಿ ಅಲುಗುತ್ತಿತ್ತು.

ಈಗ ಗೊತ್ತಾಯ್ತಾ ಎಂದು ಕೇಳಲು ಅವಳು ತಿಂಗಳಿಂದ ಕಾದ ಗಳಿಗೆ ಇದು. ಕೇಳಲಾಗಲಿಲ್ಲ. ಅವನನ್ನು ಮರೆತದ್ದು ತನಗೂ ಗೊತ್ತಾಗಿರಲಿಲ್ಲವಲ್ಲ! ಬೇಕೆಂದು ಬಿಟ್ಟುಹೋಗಿರಲಿಲ್ಲವಲ್ಲ! ಇಷ್ಟು ದಿನ ಎದೆಯಲ್ಲಿ ಗಂಟು ಕಟ್ಟಿಕೊಂಡಿದ್ದ ಸಿಟ್ಟು ಸಡಿಲಾಗಿ ಕಣ್ಣಿಗೆ ಬಂತು.

"ನಾನೂ ಕೂಗಿದ್ದೆ ರೀ" ಎಂದಳು.

"ಯಾವಾಗ?"

"ನೀವು ದಾಖಲೆ ಮಾಡಿದ ದಿನ. ಇಟ್ಟಿಗೆ ಗೂಡಿನ ಹತ್ರ ಬಿದ್ದಿದ್ದೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಲ್ಲಿನಿಂದ ಇಳಿದು ಅವಳ ಮುಂದೆ ನೆಲದ ಮೇಲೇ ಕೂತುಬಿಟ್ಟ. "ಎಲ್ಲಿ? ತೋರ್ಸು."

ಅವಳು ಪ್ಯಾಂಟು ಮಂಡಿಯ ತನಕ ಮಡಚಿದಳು. ಗಾಯ ಎಂದೋ ಒಣಗಿತ್ತು. ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. ಮುಟ್ಟಲು ಕೈ ಚಾಚಿದವನು ಗ್ರೀಸು ಕಂಡು ಕೈ ಹಿಂದಕ್ಕೆ ತೆಗೆದುಕೊಂಡ.

"ಮನೆಗೆ ಹೇಗೆ ಬಂದೆ?"

"ನಡ್ಕೊಂಡು. ಸೈಕಲ್ ತಳ್ಳಿಕೊಂಡು."

"ಅಷ್ಟು ದೂರ? ಒಬ್ಬಳೇ?"

ಅವಳು ತಲೆಯಾಡಿಸಿದಳು. ಅವನು ಎದ್ದು ಸೈಕಲ್ ನೆಟ್ಟಗೆ ನಿಲ್ಲಿಸಿದ, ಊರಿನ ಕಡೆ ತಿರುಗಿಸಿದ, ಆದರೆ ಹತ್ತಲಿಲ್ಲ. ಹ್ಯಾಂಡಲ್ ಹಿಡಿದು ಅವಳ ಪಕ್ಕಕ್ಕೆ ಬಂದು ನಿಂತ.

"ನಡ್ಕೊಂಡೇ ಹೋಗೋಣ" ಎಂದ. "ಹೇಳು. ಮೊದಲಿಂದ ಹೇಳು."

ಅವಳು ಹೇಳತೊಡಗಿದಳು. ಹೇಳುವುದು ಬೇಕಾದಷ್ಟಿತ್ತು; ಮನೆಯ ಬಾಗಿಲು ಬಂದರೂ ಮುಗಿದಿರಲಿಲ್ಲ.