ಮೂವತ್ತೊಂದನೇ ಪುಟದ ಟುಲಿಪ್

ಚರ್ಚಿನ ನೆಲಮಾಳಿಗೆಯ ಲೈಬ್ರರಿಯಲ್ಲಿ ಹೆಂಗಸರದೊಂದು ಗುಟ್ಟಿನ ಪದ್ಧತಿ ಇತ್ತು. ಕಾದಂಬರಿ ಓದಿ ಮುಗಿಸಿದವರು ಮೂವತ್ತೊಂದನೇ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ತಮ್ಮ ಗುರುತು ಹಾಕುವುದು. ಓದಿದ್ದನ್ನೇ ಮತ್ತೆ ಮನೆಗೆ ಹೊತ್ತೊಯ್ಯಬಾರದಲ್ಲ! ಎಲ್ಲದರ ಹೊದಿಕೆಯ ಮೇಲೂ ಅದೇ ಉದ್ದ ಲಂಗದ ಹುಡುಗಿ, ಅದೇ ಗೋಧಿ ಹೊಲ. ಗುರುತಿಲ್ಲದಿದ್ದರೆ ದೇವರಿಗೂ ತಿಳಿಯದು. ಆರ್ಡಿತ್‌ಳ ಗುರುತು ಒಂದು ಪುಟ್ಟ ಟುಲಿಪ್ ಹೂವು.

ಆ ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಮೇಲೆ ಕಾಫಿ ಕುಡಿಯುತ್ತಿದ್ದಾಗ ಆರ್ಡಿತ್ ಕೆಳಗಿಳಿದಳು. ಎಪ್ಪತ್ತಾರರ ಜೀವ, ಹನ್ನೆರಡು ಮೈಲಿ ತಾನೇ ಕಾರು ಓಡಿಸಿಕೊಂಡು ಬಂದಿದ್ದಳು. ಎದೆಯಲ್ಲಿ ಮಾತ್ರ ಬೆಳಗಿನಿಂದ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಎರಡು ಸಲ ಒಲೆ ಆರಿಸಲು ಮರೆತದ್ದಕ್ಕೆ ಮಗಳು ಲಿನೆಟ್ ಫೋನಿನಲ್ಲಿ ಗದರಿದ್ದಳು: "ಅಮ್ಮಾ, ಇನ್ನೊಂದು ಸಲ ಏನಾದ್ರೂ ಮರೆತ್ರೆ ಕಾರ್ ಕೀ ನನ್ನ ಕೈಗೆ. ಮಾತು ಕೊಡು." ಕೊಟ್ಟಿದ್ದಳು. ಇವತ್ತು ಲಿನೆಟ್ ಒಮಾಹಾ ನಗರದಿಂದ ಬರುವವಳಿದ್ದಳು. ಕೀ ಹೋದರೆ ಚರ್ಚೂ ಇಲ್ಲ, ಗೆಳತಿಯರೂ ಇಲ್ಲ, ಪುಸ್ತಕವೂ ಇಲ್ಲ.

"ಬಂದ್ಯಾ ಮಾರಾಯ್ತಿ?" ಲೈಬ್ರರಿ ನೋಡಿಕೊಳ್ಳುವ ಟ್ವೈಲಾ ಕೇಳಿದಳು. "ಕೊನೇಲಿ ಮದುವೆ ಆಗುತ್ತೆ ಅಂತ ಮೊದಲನೇ ಪುಟದಲ್ಲೇ ಗೊತ್ತಾಗುತ್ತೆ. ಬೇಜಾರೇ ಆಗಲ್ವಾ ನಿಂಗೆ?"

"ಗೊತ್ತಾಗುತ್ತೆ ಅಂತಲೇ ಕಣೇ ಓದೋದು. ಟೀವೀಲಿ ಯಾರು ಯಾರನ್ನ ಕೊಂದ್ರು ಅಂತ ಬಾಯಿ ಬಿಟ್ಕೊಂಡು ಕೂರೋಕೆ ನಾನೇನು ನೀನಾ? ಮುಂದೇನಾಗುತ್ತೋ ಅನ್ನೋ ಭಯ ಮನೇಲೇ ಬೇಕಾದಷ್ಟಿದೆ."

ಟ್ವೈಲಾ ನಗುತ್ತಾ ಕಾಫಿ ತರಲು ಮೇಲೆ ಹೋದಳು.

ಆರ್ಡಿತ್ ನೀಲಿ ಹೊದಿಕೆಯ ಪುಸ್ತಕವೊಂದನ್ನು ಎಳೆದಳು. ಹಿಂಬದಿಯಲ್ಲಿ ಕಥೆಯ ಸುಳಿವಿತ್ತು: ಹಿಮಗಾಳಿಯಲ್ಲಿ ಸಿಕ್ಕಿಬಿದ್ದ ಶಾಲೆಯ ಟೀಚರು, ಅವಳಿಗೆ ಬಾಗಿಲು ತೆರೆಯುವ, ಹೆಂಡತಿ ಸತ್ತ ಕಮ್ಮಾರ. ಇಂಥ ಕಥೆಗಳಲ್ಲಿ ಇನ್ನೂರು ಪುಟವಾದರೂ ಗಂಡಸು ಕೈ ಹಿಡಿಯುವುದಿಲ್ಲ, ಅಷ್ಟು ಮರ್ಯಾದಸ್ಥ! ಎರಡು ಪುಟ ಓದುವಷ್ಟರಲ್ಲಿ ಅವಳ ಜೀವಕ್ಕೆ ಹಾಯೆನಿಸಿತು. ಒಂದು ಸಾಲೂ ಹಿಂದೆ ಓದಿದ ನೆನಪಿಲ್ಲ. ಅಭ್ಯಾಸಬಲದಿಂದ ಮೂವತ್ತೊಂದನೇ ಪುಟ ತೆರೆದಳು.

ಅಲ್ಲಿ ಟುಲಿಪ್ ಇತ್ತು.

ಯಾರದೋ ಚೇಷ್ಟೆ, ಅಂದುಕೊಂಡಳು. ಸಿಟ್ಟು ಬಂತು. ಪಕ್ಕದ ಪುಸ್ತಕ ತೆರೆದಳು, ಟುಲಿಪ್. ಅದರ ಪಕ್ಕದ್ದರಲ್ಲಿ ಎರಡು. ಒಂದೊಂದಾಗಿ ಎಲ್ಲವನ್ನೂ ಎಳೆದು ನೋಡಿದಳು. ಇಡೀ ಸಾಲಿನಲ್ಲಿ ಅವಳು ಓದದ ಪುಸ್ತಕ ಒಂದೂ ಇರಲಿಲ್ಲ.

"ಅಮ್ಮ ಕೆಳಗಿದಾಳಾ, ಟ್ವೈಲಾ ಆಂಟಿ?" ಮೇಲೆ ಲಿನೆಟ್‌ಳ ದನಿ ಕೇಳಿಸಿತು.

ಪದ್ಧತಿ ಲಿನೆಟ್‌ಗೂ ಗೊತ್ತು. ಚಿಕ್ಕಂದಿನಲ್ಲಿ ಇದೇ ಮೇಜಿನ ಕೆಳಗೆ ಆಡಿದವಳು. ಆರ್ಡಿತ್ ಮೇಜಿನ ಮೇಲಿದ್ದ ರಬ್ಬರು ಬಾಚಿಕೊಂಡು ನೀಲಿ ಪುಸ್ತಕದ ಟುಲಿಪ್ ಉಜ್ಜಿದಳು. ಹೂವು ಹೋಯಿತು. ಆದರೆ ಕಾಗದ ಆ ಜಾಗದಲ್ಲಿ ಮೊದಲೇ ಸವೆದು, ದೀಪದ ಬೆಳಕು ಕಾಣುವಷ್ಟು ತೆಳ್ಳಗಾಗಿತ್ತು. ಬೆರಳಾಡಿಸಿ ನೋಡಿದಳು. ಪೆನ್ಸಿಲು ಒತ್ತಿದ ಹಳೆಯ ಗೀರುಗಳು ಹಾಗೇ ಇದ್ದವು: ಒಂದರ ಮೇಲೊಂದು, ಅಳಿಸಿದ ಟುಲಿಪ್‌ಗಳು.

ಹೀಗೆ ಹೆದರಿ, ಹೀಗೇ ಉಜ್ಜಿದ್ದು ಇದೇ ಮೊದಲಲ್ಲ.

ಲಿನೆಟ್ ಮೆಟ್ಟಿಲಿಳಿದು ಬಂದಳು. "ಹೊಸ ಪುಸ್ತಕಾನಾ ಅಮ್ಮಾ? ಚೆನ್ನಾಗಿದ್ಯಾ?"

ಆರ್ಡಿತ್ ಬ್ಯಾಗಿನಿಂದ ಕಾರಿನ ಕೀ ತೆಗೆದು ಮಗಳ ಅಂಗೈಯಲ್ಲಿಟ್ಟಳು.

"ಗೊತ್ತಿಲ್ಲ ಕಣೇ," ಅಂದಳು. "ಕೊನೇಲಿ ಏನಾಗುತ್ತೋ."